ಮಳೆಗಾಲದ ವೈನ್ ಕೋಣೆಗೆ ಆರು ಕಿಲೋ ಸಿಲಿಕಾ ಜೆಲ್, ಒಂದು ತಕ್ಕಡಿ

ನನ್ನ ವೈನ್ ಕೋಣೆಯಲ್ಲಿ ಹೆಸರಿಲ್ಲದ ಹನ್ನೊಂದು ಬಾಟಲಿಗಳಿದ್ದವು. ಮೊದಲು ಹೆಸರು ಇತ್ತು, ಪುಷ್ಯ ಮಳೆ ಅದನ್ನು ತಿಂದಿತು. ಜುಲೈ ಕೊನೆಯ ಒಂದು ಸಂಜೆ ಕೆಳಗಿಳಿದು ಬಾಟಲಿಯೊಂದನ್ನು ಎತ್ತಿದರೆ ಲೇಬಲ್ ಬಾಟಲಿಯನ್ನು ಬಿಟ್ಟು ನನ್ನ ಅಂಗೈಗೆ ಅಂಟಿಕೊಂಡಿತು, ನೆನೆದ ಕೆಸುವಿನ ಎಲೆಯ ಹಾಗೆ. ಪಕ್ಕದವುಗಳ ಮೇಲೆ ಬೂದು ಹಸಿರು ಬೂಷ್ಟು. ಅಳಿಯ ನಂದಿ ಬೆಟ್ಟದ ಕಡೆಯಿಂದ ತಂದ ಕೆಂಪು ಯಾವುದು, ನಾಸಿಕದ್ದು ಯಾವುದು, ಅತ್ತಿಗೆ ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮನೆಯಲ್ಲೇ ಮಾಡಿ ಹಳೆಯ ಬಾಟಲಿಗೆ ತುಂಬಿಸಿ ಕೊಟ್ಟಿದ್ದು ಯಾವುದು ಎಂದು ಹೇಳುವ ದಾರಿಯೇ ಇರಲಿಲ್ಲ. ಎಲ್ಲವೂ ಒಂದೇ ಕಡು ಹಸಿರು ಗಾಜು.

ನನಗೆ ಆದದ್ದು ನಷ್ಟಕ್ಕಿಂತ ಹೆಚ್ಚು ಅವಮಾನ. ಮಡಿಕೇರಿಯ ಹತ್ತಿರದ ಇಳಿಜಾರಿನಲ್ಲಿ ನಮ್ಮ ಮನೆ. ಇಪ್ಪತ್ತೊಂಬತ್ತು ವರ್ಷ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಗೋದಾಮು ನೋಡಿಕೊಂಡವನು ನಾನು. ಬೀಜದ ತೇವಾಂಶ ನೂರಕ್ಕೆ ಹನ್ನೊಂದು ದಾಟಿದೆ ಎಂದರೆ ಬೆಳೆಗಾರ ಎಷ್ಟೇ ಗೊಣಗಿದರೂ ಚೀಲ ಇಳಿಸಿಕೊಳ್ಳುತ್ತಿರಲಿಲ್ಲ. ಅಂಥವನ ಮನೆಯ ಕೆಳಗೇ ಹೀಗಾಯಿತು. ಇದೇ ಮುಂಗಾರು ಗಾಳಿಗೆ ಮಂಗಳೂರಿನ ಗೋದಾಮುಗಳಲ್ಲಿ ಕಾಫಿ ಬೀಜವನ್ನು ಬೇಕೆಂದೇ ಹರಡಿ, ಊದಿಸಿ, ಬಣ್ಣಗೆಡಿಸಿ ಮಾನ್ಸೂನ್ಡ್ ಮಲಬಾರ್ ಎಂದು ಒಳ್ಳೆಯ ಬೆಲೆಗೆ ಮಾರುತ್ತಾರೆ. ಕಾಫಿಗೆ ಸಲ್ಲುವ ಆ ಗಾಳಿ ಕಾಗದದ ಲೇಬಲ್‌ಗೆ ಸಲ್ಲುವುದಿಲ್ಲ.

ಅಂದಿನಿಂದ ಐದು ಮಳೆಗಾಲ ಕಳೆದಿವೆ, ಒಂದು ಲೇಬಲ್ ಕೂಡ ಜಾರಿಲ್ಲ. ತೇವ ತೆಗೆಯುವ ಯಂತ್ರ ಹಾಕಿಸಲಿಲ್ಲ. ತೇವ ಹೀರುವ ವಸ್ತು, ರಬ್ಬರ್ ಪಟ್ಟಿ ಮತ್ತು ಅಡುಗೆಮನೆಯ ತಕ್ಕಡಿ ಇಷ್ಟರಲ್ಲೇ ನಡೆಸಿದ್ದೇನೆ. ಹೇಗೆ ಎಂದು ಕೇಳುವವರು ಹೆಚ್ಚಾಗಿರುವುದರಿಂದ ಬರೆದಿಡುತ್ತಿದ್ದೇನೆ.

ಮೊದಲು ಒಂದು ಸಮಾಧಾನದ ಮಾತು. ತೇವದಿಂದ ವೈನ್ ಕೆಡುವುದಿಲ್ಲ. ಬಾಟಲಿಯನ್ನು ಮಲಗಿಸಿಟ್ಟರೆ ಬಿರಡೆಯ ಒಳತುದಿ ಹೇಗಿದ್ದರೂ ವೈನಿನಲ್ಲೇ ನೆನೆದಿರುತ್ತದೆ. ಹೊರತುದಿಯಲ್ಲಿ ಬೂಷ್ಟು ಬಂದರೆ ತೆರೆಯುವ ಮುನ್ನ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ತೇವ ಕೆಡಿಸುವುದು ಲೇಬಲ್, ರಟ್ಟಿನ ಪೆಟ್ಟಿಗೆ, ಮರದ ಹಲಗೆ ಮತ್ತು ಕೋಣೆಯ ವಾಸನೆಯನ್ನು. ಬಿರಡೆಗೆ ನಿಜವಾದ ಅಪಾಯ ಇರುವುದು ಅತಿ ಒಣಗಾಳಿಯಿಂದ. ತಿಂಗಳುಗಟ್ಟಲೆ ಒಣಗಿದರೆ ಅದು ಹೊರಗಿನಿಂದ ಕುಗ್ಗಿ, ಗಾಳಿಗೆ ದಾರಿ ಕೊಡುತ್ತದೆ. ಆದ್ದರಿಂದ ಸಾಪೇಕ್ಷ ಆರ್ದ್ರತೆ (ಗಾಳಿ ಹೊರಬಲ್ಲ ನೀರಾವಿಯಲ್ಲಿ ನೂರಕ್ಕೆ ಎಷ್ಟು ಪಾಲು ಅದರಲ್ಲಿದೆ ಎಂಬ ಲೆಕ್ಕ) ಶೇ 60ರಿಂದ 70ರ ನಡುವೆ ನಿಂತರೆ ಸಾಕು. 75 ದಾಟಿದರೆ ನಾನು ಸಿಲಿಕಾ ಜೆಲ್ (ತೇವ ಹೀರುವ ಮಣಿ) ತುಂಬಿದ ಚೀಲ ಸೇರಿಸುತ್ತೇನೆ, 55ಕ್ಕೆ ಇಳಿದರೆ ತೆಗೆಯುತ್ತೇನೆ. 80ರ ಮೇಲೆ ವಾರಗಟ್ಟಲೆ ನಿಂತರೆ ಬೂಷ್ಟು ಬರುವುದು ಖಚಿತ. ನಿಮ್ಮ ಬಾಟಲಿಗಳಿಗೆ ಇರುವುದು ತಿರುಗಿಸುವ ಮುಚ್ಚಳವಾದರೆ ಬಿರಡೆಯ ಚಿಂತೆ ಬಿಟ್ಟು ಲೇಬಲ್ ಒಂದನ್ನೇ ನೋಡಿಕೊಳ್ಳಿ.

ಉಷ್ಣತೆಯ ವಿಚಾರಕ್ಕೆ ಇಲ್ಲಿ ಹೋಗುವುದಿಲ್ಲ. 12ರಿಂದ 14 ಡಿಗ್ರಿ ಒಳ್ಳೆಯದು ಎನ್ನುತ್ತಾರೆ. ನಮ್ಮದು ಗುಡ್ಡ ಕಡಿದು ಮಾಡಿದ ಕೋಣೆ, ಮೂರು ಕಡೆ ಮಣ್ಣು. ವರ್ಷವಿಡೀ 19–20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಇಪ್ಪತ್ತು ವರ್ಷ ಇಡುವ ವೈನ್ ನನ್ನಲ್ಲಿ ಇಲ್ಲ. ಇದ್ದರೂ ನಾನು ಇರಬೇಕಲ್ಲ.

ಮಾಪಕವನ್ನು ಉಪ್ಪಿನಿಂದ ಪರೀಕ್ಷಿಸಿ

ಅಂಗಡಿಯಲ್ಲಿ ಸಿಗುವ ಅಗ್ಗದ ಡಿಜಿಟಲ್ ಹೈಗ್ರೋಮೀಟರ್ (ಆರ್ದ್ರತೆಯ ಮಾಪಕ) ಸಾಕು, ಆದರೆ ಅದು ಹೇಳಿದ್ದನ್ನು ಹಾಗೆಯೇ ನಂಬಬೇಡಿ. ಐದು ಅಂಕ ಆಚೀಚೆ ಹೇಳುವುದು ಅದರ ಸ್ವಭಾವ. ಪರೀಕ್ಷಿಸುವ ಸಾಮಾನು ನಿಮ್ಮ ಒಲೆಯ ಪಕ್ಕದಲ್ಲೇ ಇದೆ. ಮಳೆಗಾಲದಲ್ಲಿ ಭರಣಿಯ ಉಪ್ಪು ನೀರಾಗುವುದನ್ನು ಎಲ್ಲರೂ ನೋಡಿದ್ದೇವೆ. ಸುತ್ತಲಿನ ಆರ್ದ್ರತೆ ಶೇ 75 ದಾಟಿದಾಗ ಉಪ್ಪು ಗಾಳಿಯ ನೀರನ್ನು ಎಳೆದುಕೊಂಡು ಕರಗತೊಡಗುತ್ತದೆ. ಹಾಗೆಯೇ, ಒದ್ದೆ ಉಪ್ಪನ್ನು ಮುಚ್ಚಿದ ಜಾಗದಲ್ಲಿಟ್ಟರೆ ಅಲ್ಲಿನ ಗಾಳಿ ಸರಿಯಾಗಿ 75ಕ್ಕೆ ಬಂದು ನಿಲ್ಲುತ್ತದೆ. ಕೋಣೆ 20 ಡಿಗ್ರಿ ಇರಲಿ, 25 ಇರಲಿ, ಈ ಅಂಕಿ ಹೆಚ್ಚುಕಡಿಮೆ ಅಲುಗುವುದಿಲ್ಲ.

ಬಾಟಲಿಯ ಮುಚ್ಚಳವೊಂದಕ್ಕೆ ಉಪ್ಪು ತುಂಬಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರಿನ ಹನಿ ಹಾಕಿ. ಮೇಲೆ ನೀರು ನಿಲ್ಲಬಾರದು. ಅದನ್ನೂ ಮಾಪಕವನ್ನೂ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಒಟ್ಟಿಗೆ ಇಟ್ಟು, ಉಪ್ಪು ಮಾಪಕಕ್ಕೆ ತಾಗದಂತೆ ನೋಡಿಕೊಂಡು, ಒಂದು ರಾತ್ರಿ ಬಿಡಿ. ಬೆಳಿಗ್ಗೆ 75 ತೋರಿಸಬೇಕು. ನನ್ನ ಎರಡು ಮಾಪಕಗಳಲ್ಲಿ ಒಂದು 81 ತೋರಿಸಿತು, ಇನ್ನೊಂದು 73. ಅವುಗಳ ಬೆನ್ನಿಗೆ ಚೀಟಿ ಅಂಟಿಸಿ ‘ಆರು ಕಳೆ’, ‘ಎರಡು ಕೂಡಿಸು’ ಎಂದು ಬರೆದಿದ್ದೇನೆ. ಒಂದನ್ನು ಬಾಗಿಲ ಬಳಿ, ಇನ್ನೊಂದನ್ನು ಹಿಂದಿನ ಗೋಡೆಯ ಕೆಳಮೂಲೆಯಲ್ಲಿ ಇಡಿ. ಬೂಷ್ಟು ಮೊದಲು ಬರುವುದು ಆ ಮೂಲೆಗೇ.

ತೇವ ಎಂದರೆ ತೂಕ

ಇಲ್ಲಿ ನೂರಕ್ಕೆ ತೊಂಬತ್ತು ಜನ ತಪ್ಪು ಮಾಡುತ್ತಾರೆ. ನಾನೂ ಮಾಡಿದೆ. ಹೊಸ ಶೂ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಆ ಸಣ್ಣ ಬಿಳಿ ಪೊಟ್ಟಣಗಳನ್ನು ವರ್ಷವಿಡೀ ಕೂಡಿಸಿ, ಒಟ್ಟು ನಲವತ್ತನ್ನು ಕಪಾಟಿನ ಮೇಲೆ ಸಾಲಾಗಿ ಇಟ್ಟಿದ್ದೆ. ಒಂದೊಂದರಲ್ಲಿ ಎರಡು ಮೂರು ಗ್ರಾಂ ಸಿಲಿಕಾ ಜೆಲ್. ನಲವತ್ತೂ ಸೇರಿ ನೂರು ಗ್ರಾಂ, ಅದೂ ಹೆಚ್ಚಿನಂಶ ಆಗಲೇ ನೀರು ಕುಡಿದು ಮುಗಿಸಿದ್ದು. ಬೆಟ್ಟದ ಮಳೆಗೆ ಕರವಸ್ತ್ರ ಹಿಡಿದ ಹಾಗೆ.

ಲೆಕ್ಕ ಹಾಕೋಣ. ನನ್ನ ಕೋಣೆ 2.4 ಮೀಟರ್ ಉದ್ದ, 2 ಮೀಟರ್ ಅಗಲ, 2.2 ಮೀಟರ್ ಎತ್ತರ. ಅಂದರೆ ಹತ್ತೂವರೆ ಘನ ಮೀಟರ್. 20 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ 17.3 ಗ್ರಾಂ ನೀರಾವಿಯನ್ನು ಹೊರಬಲ್ಲದು. ಆಶ್ಲೇಷ ಮಳೆಯ ಹೊತ್ತಿಗೆ ಹೊರಗಿನ ಆರ್ದ್ರತೆ ಶೇ 95. ಆ ಗಾಳಿ ಕೋಣೆ ತುಂಬಿದರೆ ಒಳಗೆ ಸುಮಾರು 173 ಗ್ರಾಂ ನೀರು ಇರುತ್ತದೆ. ಶೇ 65ಕ್ಕೆ ಇಳಿಸಿದರೆ 118 ಗ್ರಾಂ. ವ್ಯತ್ಯಾಸ ಬರೀ 55 ಗ್ರಾಂ, ಒಂದು ಕಾಫಿ ಲೋಟಕ್ಕೆ ಅರ್ಧವೂ ಆಗದಷ್ಟು!

ಮೊದಲ ಸಲ ಈ ಲೆಕ್ಕ ಮಾಡಿದಾಗ ನನಗೆ ನಗು ಬಂತು. ಇಷ್ಟಕ್ಕೆ ಇಷ್ಟೊಂದು ಗೋಳೇ? ಆಮೇಲೆ ಬಾಗಿಲು ನೋಡಿದೆ. ಹಲಸಿನ ಮರದ ಹಳೆಯ ಬಾಗಿಲು, ಕೆಳಗೆ ಇಲಿ ನುಸುಳುವಷ್ಟು ಸಂದಿ. ಮೇಲೆ ಗಾಜಿಲ್ಲದ ಗಾಳಿಕಿಂಡಿ. ಎರಡು ಗಂಟೆಗೊಮ್ಮೆ ಕೋಣೆಯ ಗಾಳಿ ಪೂರ್ತಿ ಬದಲಾಗುತ್ತದೆ ಎಂದುಕೊಂಡರೂ ದಿನಕ್ಕೆ ಹನ್ನೆರಡು ಸಲ 55 ಗ್ರಾಂ, ಅಂದರೆ 660 ಗ್ರಾಂ ನೀರು ಒಳಗೆ ನಡೆದು ಬರುತ್ತಿದೆ. ನಾನು ಒಣಗಿಸಲು ಹೊರಟದ್ದು ಕೋಣೆಯನ್ನಲ್ಲ, ಇಡೀ ಕೊಡಗನ್ನು.

ಆದ್ದರಿಂದ ಹೀರುವ ವಸ್ತುವಿಗೆ ದುಡ್ಡು ಹಾಕುವ ಮುನ್ನ ಸಂದಿ ಮುಚ್ಚಿ. ಊದುಬತ್ತಿ ಹಚ್ಚಿ ಬಾಗಿಲಿನ ಹೊರಗಡೆ ಅಂಚಿನುದ್ದಕ್ಕೂ ನಿಧಾನವಾಗಿ ಆಡಿಸಿ. ಹೊಗೆ ಎಲ್ಲಿ ಒಳಕ್ಕೆ ಬಾಗುತ್ತದೋ ಅಲ್ಲಿ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿ. ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಪಟ್ಟಿಯನ್ನು ಚೌಕಟ್ಟಿನ ಸುತ್ತ ಅಂಟಿಸಿದೆ. ಹೊಸ್ತಿಲಿಗೆ ಇನ್ನೊಂದು ಪಟ್ಟಿ. ಗಾಳಿಕಿಂಡಿಗೆ ದಪ್ಪ ಪಾಲಿಥೀನ್ ಎರಡು ಪದರ, ಅಂಚಿಗೆ ಟೇಪು. ವಿದ್ಯುತ್ ತಂತಿ ಬರುವ ಕೊಳವೆಯ ಬಾಯಿಯನ್ನು ಮರೆಯಬೇಡಿ. ನನ್ನಲ್ಲಿ ಎಲ್ಲಕ್ಕಿಂತ ಹೆಚ್ಚು ಗಾಳಿ ಬರುತ್ತಿದ್ದುದು ಅದರಿಂದಲೇ. ಒಂದು ಉಂಡೆ ಪುಟ್ಟಿಯಲ್ಲಿ ಮುಚ್ಚಿದೆ.

ಗೋಡೆಯೇ ಒಸರುತ್ತಿದ್ದರೆ ಬೇರೆ ಮಾತು. ಪರೀಕ್ಷೆ ಸುಲಭ. ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈ, ಅಂದರೆ ಗೋಡೆಯ ಕಡೆಯ ಮೈ, ಬೆವರಿದ್ದರೆ ನೀರು ಮಣ್ಣಿನಿಂದ ಬರುತ್ತಿದೆ. ಹೊರಮೈ ಬೆವರಿದ್ದರೆ ಅದು ಗಾಳಿಯ ನೀರು. ಮಣ್ಣಿನ ನೀರಿಗೆ ತೇವ ಹೀರುವ ಯಾವ ಹರಳೂ ಉತ್ತರವಲ್ಲ. ಮನೆಯ ಹಿಂದೆ ಚರಂಡಿ ತೆಗೆಸಿ, ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ದೋಣಿ ಹಾಕಿಸಿ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದ್ದನ್ನು ಕಂಡ ಮೇಲೆ ನಮ್ಮ ಕಡೆ ಹಿತ್ತಲ ಚರಂಡಿಯ ವಿಷಯದಲ್ಲಿ ಯಾರೂ ಸೋಮಾರಿಗಳಾಗಿ ಉಳಿದಿಲ್ಲ.

ಬಾಗಿಲು ಹಾಕುವ ಕಾಲ

ಗಾಳಿಗಿಂತ ಮರ ಹೆಚ್ಚು ನೀರು ಹಿಡಿಯುತ್ತದೆ. ಇದನ್ನು ನಾನು ಗೋದಾಮಿನಲ್ಲಿ ಕಲಿತವನು, ಮನೆಯಲ್ಲಿ ಮರೆತವನು. 65ರ ಆರ್ದ್ರತೆಯಲ್ಲಿ ಮರ ತನ್ನ ಒಣತೂಕದ ಶೇ 12ರಷ್ಟು ನೀರು ಇಟ್ಟುಕೊಂಡಿರುತ್ತದೆ. 90ರಲ್ಲಿ ಅದು ಶೇ 20ರ ಹತ್ತಿರಕ್ಕೆ ಏರುತ್ತದೆ. ನನ್ನ ಮರದ ಕಪಾಟು ನಲವತ್ತು ಕಿಲೋ. ಅದು ಮಳೆಗಾಲದ ಗಾಳಿಗೆ ಒಗ್ಗಿಕೊಂಡರೆ ಸುಮಾರು ಮೂರು ಕಿಲೋ ಹೆಚ್ಚಿನ ನೀರನ್ನು ಒಡಲಲ್ಲಿ ಇಟ್ಟುಕೊಳ್ಳುತ್ತದೆ. ಜುಲೈಯಲ್ಲಿ ಎಚ್ಚೆತ್ತು ಹರಳು ತಂದಿಟ್ಟರೆ ಮೊದಲ ತಿಂಗಳು ಅದು ಕಪಾಟನ್ನು ಒಣಗಿಸುವುದರಲ್ಲೇ ಸೋಲುತ್ತದೆ.

ಅದಕ್ಕೇ ಕೆಲಸ ಶುರುವಾಗುವುದು ಜನವರಿಯಲ್ಲಿ. ಆಗ ರಾತ್ರಿ ಹೊರಗೆ 13–14 ಡಿಗ್ರಿ. ಆ ತಣ್ಣನೆಯ ಗಾಳಿ ಮುಟ್ಟಿದರೆ ಒದ್ದೆ ಅನಿಸಿದರೂ ಅದರಲ್ಲಿ ನೀರಿನ ತೂಕ ಕಡಿಮೆ. ಕೋಣೆಗೆ ಬಂದು 19 ಡಿಗ್ರಿಗೆ ಬೆಚ್ಚಗಾದರೆ ಅದೇ ಗಾಳಿ 65ರ ಆಸುಪಾಸಿಗೆ ಬರುತ್ತದೆ. ಆ ದಿನಗಳಲ್ಲಿ ಬೆಳಗಿನ ಜಾವ ಬಾಗಿಲು, ಕಿಂಡಿ ಎಲ್ಲ ತೆರೆಯಿರಿ. ರಟ್ಟಿನ ಪೆಟ್ಟಿಗೆಗಳಿದ್ದರೆ ಹೊರಗೆ ಹಾಕಿ, ಅವು ಬೂಷ್ಟಿನ ತವರು. ಕಾಫಿಗೆ ಹೂಮಳೆ ಬೀಳುವ ಹೊತ್ತಿಗೆ, ಹೆಚ್ಚೆಂದರೆ ಮಾರ್ಚ್ ಕೊನೆಗೆ, ಕಿಂಡಿ ಮುಚ್ಚಿ, ಬಾಗಿಲು ಹಾಕಿ. ಒಣಗಿದ ಮರ ಈಗ ನಿಮ್ಮ ಕಡೆಯ ಆಳು. ಮಳೆಗಾಲದ ಮೊದಲ ವಾರಗಳ ತೇವವನ್ನು ಅದೇ ಕುಡಿದುಕೊಳ್ಳುತ್ತದೆ.

ಏಪ್ರಿಲ್, ಮೇ ಮಧ್ಯಾಹ್ನಗಳಲ್ಲಿ ‘ಸ್ವಲ್ಪ ಗಾಳಿಯಾಡಲಿ’ ಎಂದು ಬಾಗಿಲು ತೆರೆಯುವವರಿಗೆ ಕೈಮುಗಿದು ಹೇಳುತ್ತೇನೆ: ಬೇಡ. ಹೊರಗೆ 28 ಡಿಗ್ರಿ, ಆರ್ದ್ರತೆ 70 ಎಂದರೆ ಘನ ಮೀಟರಿಗೆ 19 ಗ್ರಾಂ ನೀರು. ಒಳಗಿನ ತಣ್ಣನೆಯ ಬಾಟಲಿಯ ಸುತ್ತಲಿನ ಗಾಳಿ ಹೊರಬಲ್ಲದ್ದು 17 ಮಾತ್ರ. ಉಳಿದದ್ದು ಗಾಜಿನ ಮೇಲೆ ಹನಿಯಾಗಿ ಕೂರುತ್ತದೆ. ಮಳೆ ಬರುವ ಮೊದಲೇ ಲೇಬಲ್ ಒದ್ದೆ.

ಯಾವ ಹರಳು

ನಾನು ನೆಚ್ಚಿಕೊಂಡದ್ದು ಸಿಲಿಕಾ ಜೆಲ್. ಮಣಿಗಳಂತೆ ಇರುತ್ತದೆ, ಎಷ್ಟು ಕುಡಿದರೂ ಹೊರಗೆ ಒಣಗಿಯೇ ಕಾಣುತ್ತದೆ, ಸೋರುವುದಿಲ್ಲ, ಕಾಯಿಸಿದರೆ ಮತ್ತೆ ಹೊಸದಾಗುತ್ತದೆ. ಬಿಡಿಯಾಗಿ ಕಿಲೋ ಲೆಕ್ಕದಲ್ಲಿ ಕೊಳ್ಳಿ. ನೀಲಿ ಮಣಿ ಬೇಡ. ತೇವ ಕುಡಿದಾಗ ನೀಲಿಯಿಂದ ಗುಲಾಬಿಗೆ ತಿರುಗುವ ಆ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ಅದು ವಿಷ. ಕಿತ್ತಳೆ ಬಣ್ಣದ್ದು ತೆಗೆದುಕೊಳ್ಳಿ, ಇಲ್ಲವೇ ಬಣ್ಣವೇ ಇಲ್ಲದ ಬಿಳಿಯದು. ನನ್ನ ಹತ್ತಿರ ಹನ್ನೊಂದು ಕಿಲೋ ಬಿಳಿ, ಒಂದು ಕಿಲೋ ಕಿತ್ತಳೆ. ಆ ಕಿತ್ತಳೆಯೂ ಚಂದಕ್ಕೆ ಮಾತ್ರ. ಬಣ್ಣ ಹೇಳದ್ದನ್ನು ತಕ್ಕಡಿ ಹೇಳುತ್ತದೆ.

65ರ ಆರ್ದ್ರತೆಯಲ್ಲಿ ಸಿಲಿಕಾ ಜೆಲ್ ತನ್ನ ತೂಕದ ನೂರಕ್ಕೆ ಮೂವತ್ತರ ಹತ್ತಿರ ನೀರು ಹಿಡಿಯಬಲ್ಲದು. ಆದರೆ ತುಂಬುತ್ತಾ ಹೋದ ಹಾಗೆ ನಿಧಾನವಾಗುತ್ತದೆ, ಊಟದ ಕೊನೆಯ ಪಾಯಸದ ಹಾಗೆ. ನಾನು ನೂರಕ್ಕೆ ಇಪ್ಪತ್ತಕ್ಕೆ ನಿಲ್ಲಿಸುತ್ತೇನೆ. ಒಂದು ಕಿಲೋ ಚೀಲ 1,200 ಗ್ರಾಂ ತೂಗಿತು ಎಂದರೆ ಅದರ ಪಾಳಿ ಮುಗಿಯಿತು.

ಚೀಲಗಳನ್ನು ಹಳೆಯ ಹತ್ತಿ ಪಂಚೆಯಿಂದ ಹೊಲಿದದ್ದು. ಒಂದೊಂದರಲ್ಲಿ ಒಂದು ಕಿಲೋ, ಚಪ್ಪಟೆಯಾಗಿ, ಎರಡು ಬೆರಳಿಗಿಂತ ದಪ್ಪವಾಗದಂತೆ ನಡುವೆ ಹೊಲಿಗೆ ಹಾಕಿದೆ. ಮೂಟೆಯಾಗಿ ಕಟ್ಟಿದರೆ ಹೊರಗಿನ ಮಣಿ ಕುಡಿಯುತ್ತದೆ, ನಡುವಿನವು ಉಪವಾಸ. ಆರು ಚೀಲ ಒಳಗೆ, ಆರು ಹೊರಗೆ ಪಾಳಿ ಕಾಯುತ್ತಾ. ನೆಲದಿಂದ ಒಂದಡಿ ಮೇಲೆ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಎರಡು, ಹಿಂದಿನ ಗೋಡೆಗೆ ಕೊಕ್ಕೆಯಲ್ಲಿ ಮೂರು, ಬಾಗಿಲ ಹಿಂದೆ ಒಂದು. ಹಳೆಯ ಕಂಪ್ಯೂಟರಿನಿಂದ ಕಿತ್ತ ಸಣ್ಣ ಫ್ಯಾನ್ ಒಂದನ್ನು ಹಿಂದಿನ ಮೂಲೆಯಲ್ಲಿ ತಿರುಗಲು ಬಿಟ್ಟಿದ್ದೇನೆ. ಅದು ಬಂದ ಮೇಲೆ ಎರಡು ಮಾಪಕಗಳ ನಡುವಿನ ವ್ಯತ್ಯಾಸ ಒಂಬತ್ತು ಅಂಕದಿಂದ ಮೂರಕ್ಕೆ ಇಳಿಯಿತು.

ಇನ್ನು ತೂಕದ ಪುಸ್ತಕ. ನನ್ನ ಹೆಂಡತಿ ನಗುತ್ತಾಳೆ, ನಗಲಿ. ನಾಲ್ಕು ದಿನಕ್ಕೊಮ್ಮೆ ಹಿಂದಿನ ಗೋಡೆಯ ನಡುವಿನ ಚೀಲವನ್ನು ಅಡುಗೆಮನೆಯ ತಕ್ಕಡಿಗೆ ಹಾಕುತ್ತೇನೆ. ಕಳೆದ ವರ್ಷದ ಪುಟದಿಂದ: ಜೂನ್ 24, 1,000. ಜೂನ್ 28, 1,071. ಜುಲೈ 2, 1,139. ಜುಲೈ 6, 1,202. ಹನ್ನೆರಡು ದಿನಕ್ಕೆ 202 ಗ್ರಾಂ, ಆರು ಚೀಲಕ್ಕೆ 1,212. ಅಂದರೆ ದಿನಕ್ಕೆ ನೂರು ಗ್ರಾಂ ನೀರು ಒಳಗೆ ಬರುತ್ತಿದೆ. ಸಂದಿ ಮುಚ್ಚುವ ಮೊದಲಿನ 660ರ ಅಂದಾಜಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿ, ರಬ್ಬರ್ ಪಟ್ಟಿಯ ಬೆಲೆ ಗೊತ್ತಾಗುತ್ತದೆ.

ಒಂದು ಜುಲೈಯಲ್ಲಿ ಹೀಗಾಯಿತು. ಹೊಸ ಪಾಳಿಯ ಚೀಲ ನಾಲ್ಕೇ ದಿನಕ್ಕೆ 1,190 ತೂಗಿತು. ಮಾಪಕ ಮಾತ್ರ 67 ಎಂದು ಶಾಂತವಾಗಿ ಕೂತಿತ್ತು. ಮಾಪಕವನ್ನು ನಂಬಿದ್ದರೆ ಸುಮ್ಮನಿರುತ್ತಿದ್ದೆ. ತೂಕ ಮೂರು ಪಟ್ಟು ವೇಗದಲ್ಲಿ ಏರಿದೆ ಎಂದರೆ ಎಲ್ಲೋ ಬಾಗಿಲು ತೆರೆದಿದೆ ಎಂದು ಹುಡುಕಿದೆ. ಇಲಿ ಗಾಳಿಕಿಂಡಿಯ ಪಾಲಿಥೀನನ್ನು ಮೂಲೆಯಲ್ಲಿ ಕಡಿದಿತ್ತು. ಚೀಲಗಳು ಜೀವ ಬಿಟ್ಟು ದುಡಿಯುತ್ತಿದ್ದುದರಿಂದ ಮಾಪಕಕ್ಕೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಇನ್ನೆರಡು ದಿನ ತಡೆದಿದ್ದರೆ ಒಟ್ಟಿಗೆ 85ಕ್ಕೆ ಹಾರುತ್ತಿತ್ತು. ಈಗ ಕಿಂಡಿಗೆ ತಂತಿ ಬಲೆಯೂ ಇದೆ.

ಕುಡಿದ ಮಣಿಗಳನ್ನು ಒಣಗಿಸುವ ವಿಧಾನ. ಬಿಸಿಲು ಸಾಲದು. ಮಳೆಗಾಲದಲ್ಲಿ ಬಿಸಿಲು ಇಲ್ಲ ಎನ್ನುವುದು ಹಾಗಿರಲಿ, ಮಾರ್ಚಿನ ಬಿಸಿಲಿಗೂ ಪೂರ್ತಿ ಬಿಡುವುದಿಲ್ಲ. ಕೇಕ್ ಮಾಡುವ ವಿದ್ಯುತ್ ಒಲೆಯಲ್ಲಿ ತಟ್ಟೆಯ ಮೇಲೆ ಎರಡು ಸೆಂಟಿಮೀಟರ್ ದಪ್ಪಕ್ಕೆ ಹರಡಿ, 120 ಡಿಗ್ರಿಗೆ ಇಟ್ಟು, ಮೂರು ಗಂಟೆ. ನಡುವೆ ಒಮ್ಮೆ ಕೈಯಾಡಿಸಿ. ಬಾಗಿಲನ್ನು ಒಂದು ಚಮಚ ಸಿಕ್ಕಿಸಿ ತುಸು ತೆರೆದಿಡಿ, ಆವಿ ಹೋಗಬೇಕಲ್ಲ. ತೂಕ ಇಳಿಯುವುದು ನಿಂತರೆ ಆಯಿತು. ಕಿತ್ತಳೆ ಮಣಿಯನ್ನು ಇದಕ್ಕಿಂತ ಹೆಚ್ಚು ಕಾಯಿಸಿದರೆ ಬಣ್ಣ ಸುಟ್ಟುಹೋಗುತ್ತದೆ. ಗ್ಯಾಸ್ ಒಲೆಯ ಮೇಲೆ ಬಾಣಲೆಯಲ್ಲಿ ಹುರಿದು ನೋಡಿದ್ದೇನೆ. ಒಗ್ಗರಣೆಯ ಸಾಸಿವೆಯಂತೆ ಸಿಡಿದು ಅರ್ಧ ಮಣಿ ಒಡೆದವು, ಅಡುಗೆಮನೆಯಲ್ಲಿ ಒಂದು ವಾರ ಕಾಲಿಗೆ ಚುಚ್ಚಿದವು.

ಒಲೆಯಿಂದ ತೆಗೆದದ್ದನ್ನು ತಣಿಯಲಿ ಎಂದು ತೆರೆದಿಡಬೇಡಿ. ತಣಿಯುತ್ತಾ ತಣಿಯುತ್ತಾ ಅಡುಗೆಮನೆಯ ಆವಿಯನ್ನೆಲ್ಲ ಕುಡಿದುಬಿಡುತ್ತದೆ. ನೇರವಾಗಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಸುರಿದು ಮುಚ್ಚಿ. ಬಿಸಿ ಮಣಿಗೆ ನೀರಿನ ಹನಿ ತಾಗಿದರೂ ಚಟಪಟ ಒಡೆಯುತ್ತದೆ. ಆ ತಟ್ಟೆಯನ್ನು ಮತ್ತೆ ಕೇಕಿಗೆ ಬಳಸಬೇಡಿ, ಬೇರೆಯೇ ಇಟ್ಟುಕೊಳ್ಳಿ.

ವಿದ್ಯುತ್ ಇಲ್ಲದ ವಾರಕ್ಕೆ

ನಮ್ಮಲ್ಲಿ ಮರ ಬಿದ್ದು ನಾಲ್ಕೈದು ದಿನ ವಿದ್ಯುತ್ ಹೋಗುವುದು ಹೊಸದಲ್ಲ. ಯಂತ್ರ ಬೇಡವೆಂದದ್ದೂ ಅದಕ್ಕೇ. ಆಗ ಒಲೆಯೂ ಇಲ್ಲ, ಎರಡನೇ ಪಾಳಿಯ ಚೀಲವೂ ಮುಗಿದಿರುತ್ತದೆ. ಅಂಥ ದಿನಗಳಿಗೆ ಐದು ಕಿಲೋ ಕ್ಯಾಲ್ಸಿಯಂ ಕ್ಲೋರೈಡ್ ಇಟ್ಟಿದ್ದೇನೆ. ಬಟ್ಟೆಯ ಕಪಾಟಿನಲ್ಲಿ ನೇತುಹಾಕುವ ಚೀಲಗಳಲ್ಲಿ ಇರುವುದು ಇದೇ, ಅಲ್ಲಿ ಅದಕ್ಕೆ ಬೆಲೆ ಹೆಚ್ಚು. ಇದು ರಾಕ್ಷಸನಂತೆ ಕುಡಿಯುತ್ತದೆ. ಒದ್ದೆ ಗಾಳಿಯಲ್ಲಿ ತನ್ನ ತೂಕದಷ್ಟು, ಅದಕ್ಕೂ ಮೀರಿ. ಕುಡಿದು ತಾನೇ ಕರಗಿ ನೀರಾಗುತ್ತದೆ.

ತೊಂದರೆ ಇರುವುದು ಆ ನೀರಿನಲ್ಲೇ. ಮೊದಲ ವರ್ಷ ಜಾಲರಿ ಬುಟ್ಟಿಯಲ್ಲಿ ಹರಳು ಹಾಕಿ, ಕೆಳಗೆ ಬಕೆಟ್ ಇಟ್ಟು, ಅದನ್ನು ಕಬ್ಬಿಣದ ಅಡ್ಡೆಯ ಮೇಲೆ ಏರಿಸಿದ್ದೆ. ಕತ್ತಲಲ್ಲಿ ನನ್ನದೇ ಮೊಣಕೈ ತಾಗಿ ಬಕೆಟ್ ಮಗುಚಿತು. ಅಡ್ಡೆ ಎರಡು ವಾರದಲ್ಲಿ ತುಕ್ಕು ಹಿಡಿಯಿತು. ಸಿಮೆಂಟು ನೆಲದ ಆ ಜಾಗ ಎರಡು ಮಳೆಗಾಲ ಒಣಗಲೇ ಇಲ್ಲ, ಏಕೆಂದರೆ ಅಲ್ಲಿ ಇಂಗಿದ ಉಪ್ಪು ಮತ್ತೆ ಮತ್ತೆ ಗಾಳಿಯ ನೀರನ್ನು ಎಳೆಯುತ್ತಿತ್ತು. ನೆಲದ ಮೇಲೆ, ಮೂಲೆಯಲ್ಲಿ, ಪ್ಲಾಸ್ಟಿಕ್ ಪಾತ್ರೆಯಲ್ಲಿ ಮಾತ್ರ ಇಡಿ. ಮುಟ್ಟಿದರೆ ಕೈ ತೊಳೆಯಿರಿ. ತುಂಬಿದ ನೀರನ್ನು ಇನ್ನಷ್ಟು ನೀರು ಬೆರೆಸಿ ಬಚ್ಚಲಿಗೆ ಸುರಿಯಿರಿ, ಮೆಣಸಿನ ಬಳ್ಳಿಯ ಬುಡಕ್ಕಲ್ಲ. ವಿದ್ಯುತ್ ಬಂದೊಡನೆ ಅದನ್ನು ಕೋಣೆಯಿಂದ ಹೊರಗೆ ತನ್ನಿ. ಶೇ 33ರ ಆಸುಪಾಸಿಗೆ ಇಳಿಯುವವರೆಗೆ ಅದಕ್ಕೆ ಬಾಯಾರಿಕೆ ತೀರುವುದಿಲ್ಲ, ಬಿಗಿಯಾದ ಸಣ್ಣ ಜಾಗದಲ್ಲಿ ಬಿರಡೆಯನ್ನೂ ಬಿಡದು.

ಉಳಿದವುಗಳ ಬಗ್ಗೆ ಚುಟುಕಾಗಿ. ಇದ್ದಿಲು ವಾಸನೆಗೆ ಒಳ್ಳೆಯದು, ತೇವಕ್ಕೆ ಅಷ್ಟಕ್ಕಷ್ಟೇ. ಹುರಿದ ಅಕ್ಕಿ ಉಪ್ಪಿನ ಡಬ್ಬಿಗೆ ಸರಿ, ಕೋಣೆಗೆ ಅಲ್ಲ, ಹುಳವನ್ನೂ ಕರೆದು ತರುತ್ತದೆ. ಅಡುಗೆ ಉಪ್ಪು 75ರ ಕೆಳಗೆ ಏನೂ ಮಾಡದು. ಸುಟ್ಟ ಸುಣ್ಣ ತನ್ನ ತೂಕದ ಮೂರರಲ್ಲೊಂದು ಪಾಲು ನೀರು ಹೀರುವುದು ನಿಜ, ಆದರೆ ಬಿಸಿಯಾಗುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಬೇಡ.

ಇದೇ ಉಸಿರಿನಲ್ಲಿ ಬ್ಲೀಚಿಂಗ್ ಪುಡಿಯ ಮಾತು. ಮಳೆಗಾಲದಲ್ಲಿ ಅಂಗಳದ ಪಾಚಿಗೆ ನಾವೆಲ್ಲ ಅದನ್ನೇ ಎರಚುವುದು. ವೈನ್ ಕೋಣೆಯ ಬೂಷ್ಟಿಗೂ ಅದನ್ನೇ ಹಾಕಿ ತಿಕ್ಕಿದವನು ನಾನು. ಮಾಡಬಾರದಿತ್ತು. ಕ್ಲೋರಿನ್, ಮರ, ಬೂಷ್ಟು ಮೂರೂ ಸೇರಿದ ಕಡೆ ಟ್ರೈಕ್ಲೋರೋಅನಿಸೋಲ್ ಎಂಬ ವಸ್ತು ಹುಟ್ಟುತ್ತದೆ. ಬಿರಡೆಗೆ ಅದು ಹತ್ತಿದರೆ ವೈನ್ ಹಳಸಿದ ಗೋಣಿಯ ವಾಸನೆ ಹೊಡೆಯುತ್ತದೆ. ಕಾಫಿ ರುಚಿ ನೋಡುವವರು ‘ರಿಯೋ’ ಎಂದು ಮೂಗು ಮುರಿಯುತ್ತಾರಲ್ಲ, ಆ ದೋಷದ ಹಿಂದೆ ಇರುವುದೂ ಇದೇ ವಸ್ತು. ಎಂಥ ದೊಡ್ಡ ಲಾಟಿನಲ್ಲೂ ಆ ವಾಸನೆ ಹಿಡಿಯುತ್ತಿದ್ದ ಮೂಗು ಸ್ವಂತ ಮನೆಯಲ್ಲಿ ಬಕೆಟ್ ಹಿಡಿದು ಅದಕ್ಕೆ ದಾರಿ ಮಾಡಿಕೊಟ್ಟಿತ್ತು. ಈಗ ಬಿಸಿನೀರು, ಸೋಡಾಪುಡಿ, ಗಟ್ಟಿ ಬ್ರಷ್. ಆಮೇಲೆ ಒಣಬಟ್ಟೆ.

ಇನ್ನೊಂದು ಎಚ್ಚರಿಕೆ, ಮನೆಯಲ್ಲೇ ವೈನ್ ಮಾಡುವವರಿಗೆ. ಹುದುಗುತ್ತಿರುವ ಭರಣಿಯನ್ನು ಹೀಗೆ ಬಿಗಿಯಾಗಿ ಮುಚ್ಚಿದ ನೆಲಮಾಳಿಗೆಯಲ್ಲಿ ಎಂದೂ ಇಡಬೇಡಿ. ಅದು ಬಿಡುವ ಕಾರ್ಬನ್ ಡೈಆಕ್ಸೈಡ್ ಕೆಳಗೇ ತುಂಬಿ ನಿಲ್ಲುತ್ತದೆ, ಇಳಿದವನು ಮೇಲೆ ಬರದಿರಬಹುದು. ಹುದುಗುವುದು ಪೂರ್ತಿ ನಿಂತು, ಬಾಟಲಿಗೆ ಬಿದ್ದ ಮೇಲೆ ಮಾತ್ರ ಇಲ್ಲಿಗೆ ಪ್ರವೇಶ. ಅತ್ತಿಗೆಗೂ ಇದೇ ನಿಯಮ.

ಹತ್ತಿಪ್ಪತ್ತು ಬಾಟಲಿ ಇರುವವರಿಗೆ

ಇಷ್ಟೆಲ್ಲ ಬೇಡ. ರಬ್ಬರ್ ಅಂಚಿನ, ಬಿಗಿಯಾಗಿ ಮುಚ್ಚುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ ತನ್ನಿ. ಬಾಟಲಿಗಳಿಗೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯನ್ನು ಲೇಬಲ್ ಮುಚ್ಚುವಂತೆ ಒಂದು ಸುತ್ತು ಸುತ್ತಿ ಮಲಗಿಸಿ. ಒಳಗೆ ಅರ್ಧ ಕಿಲೋ ಸಿಲಿಕಾ ಜೆಲ್. ಆದರೆ ಒಲೆಯಿಂದ ತೆಗೆದ ಒಣ ಮಣಿ ಹಾಕಿದರೆ ಅಷ್ಟು ಸಣ್ಣ ಜಾಗವನ್ನು ಅದು ಮರುಭೂಮಿ ಮಾಡಿಬಿಡುತ್ತದೆ. ಅರವತ್ತು ಲೀಟರ್ ಗಾಳಿಯಲ್ಲಿ ಇರುವ ನೀರು ಒಂದು ಗ್ರಾಂ.

ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಚಿತ್ರ, ಮರದ ವಸ್ತುಗಳ ಗಾಜಿನ ಪೆಟ್ಟಿಗೆಗೆ ಮಾಡುವ ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತದೆ. ಮಣಿಗಳನ್ನು ಮೊದಲು ಆರ್ದ್ರತೆ 60ರ ಹತ್ತಿರ ಇರುವ ಕೋಣೆಯಲ್ಲಿ ತಟ್ಟೆಗೆ ಹರಡಿ, ತೂಕ ಏರುವುದು ನಿಲ್ಲುವ ತನಕ, ಸುಮಾರು ಎರಡು ವಾರ, ಬಿಡಿ. ಕೊಡಗಿನಲ್ಲಿ ಅದಕ್ಕೆ ಮಳೆಗಾಲ ಕಳೆದ ಮೇಲಿನ ಒಣ ದಿನಗಳೇ ಸರಿ. ಹೀಗೆ ಅರೆಹೊಟ್ಟೆ ತುಂಬಿಸಿಕೊಂಡ ಮಣಿ ಪೆಟ್ಟಿಗೆಯೊಳಗೆ ಎರಡೂ ಕಡೆ ಕೆಲಸ ಮಾಡುತ್ತದೆ. ಗಾಳಿ ಒದ್ದೆಯಾದರೆ ಕುಡಿಯುತ್ತದೆ, ಒಣಗಿದರೆ ಬಿಟ್ಟುಕೊಡುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೂಕ ನೋಡಿದರೆ ಸಾಕು.

ಬೆಂಗಳೂರಿನವರು ಇದನ್ನು ಓದಿ ಹರಳು ತರಲು ಓಡಬೇಡಿ. ಮಾರ್ಚಿನ ಮಧ್ಯಾಹ್ನ ನಿಮ್ಮಲ್ಲಿ ಬೇಕಾಗುವುದು ಒಂದು ಬಟ್ಟಲು ನೀರು. ಇನ್ನು ಕೋಣೆ ನನ್ನದರ ಮೂರು ಪಟ್ಟು ಇದ್ದು, ಇನ್ನೂರು ಮುನ್ನೂರು ಬಾಟಲಿ ಇದ್ದರೆ ತಿಂಗಳಿಡೀ ಮಣಿ ಹುರಿಯುತ್ತಾ ಕೂರುವುದು ಹುಚ್ಚು, ತೇವ ತೆಗೆಯುವ ಯಂತ್ರವನ್ನೇ ಕೊಳ್ಳಿ. ಹವಾನಿಯಂತ್ರಣ ಹಾಕಿ 13 ಡಿಗ್ರಿಗೆ ಇಳಿಸಿದ ಕೋಣೆಯಾದರೆ ಸಾಮಾನ್ಯ ಕಂಪ್ರೆಸರ್ ಯಂತ್ರದ ಸುರುಳಿಗೆ ಮಂಜು ಕಟ್ಟುತ್ತದೆ. ಒಳಗೆ ಸಿಲಿಕಾ ಜೆಲ್‌ನಂಥದ್ದೇ ಚಕ್ರ ತಿರುಗುವ ಬಗೆಯದ್ದನ್ನು ಕೇಳಿ ತೆಗೆದುಕೊಳ್ಳಿ.

ಹಸ್ತ ಮಳೆ ಮುಗಿದು ಚಿತ್ತೆ ಹಿಡಿಯುವ ಹೊತ್ತಿಗೆ, ಅಕ್ಟೋಬರ್ ಎರಡನೇ ವಾರ, ಚೀಲಗಳ ತೂಕ ಏರುವುದು ನಿಧಾನವಾಗುತ್ತದೆ. ನಾಲ್ಕು ದಿನಕ್ಕೆ ಹತ್ತು ಗ್ರಾಂ ಏರದಿದ್ದರೆ ಒಂದೊಂದಾಗಿ ಹೊರತೆಗೆಯುತ್ತೇನೆ. ಹನ್ನೆರಡನ್ನೂ ಕಾಯಿಸಿ, ಹಾಲಿನ ಹಳೆಯ ಅಲ್ಯೂಮಿನಿಯಂ ಕ್ಯಾನಿಗೆ ತುಂಬಿ, ಮುಚ್ಚಳದ ಸುತ್ತ ಟೇಪು ಹಾಕಿ, ತಾರೀಕು ಮತ್ತು ತೂಕ ಬರೆದು ಅಟ್ಟಕ್ಕೆ ಏರಿಸುತ್ತೇನೆ. ಆಮೇಲೆ ಕೆಳಗಿಳಿದು, ಹೊಸದಾಗಿ ಬಂದ ಬಾಟಲಿಗಳ ತಳಕ್ಕೆ ಬಿಳಿ ಬಣ್ಣದ ಪೆನ್ನಿನಲ್ಲಿ ಹೆಸರು, ವರ್ಷ ಬರೆಯುತ್ತೇನೆ. ಆ ಹನ್ನೊಂದರಲ್ಲಿ ಈಗ ಉಳಿದಿರುವುದು ನಾಲ್ಕು. ಪ್ರತಿ ಹುತ್ತರಿಗೆ ಒಂದನ್ನಾದರೂ ತೆರೆಯುತ್ತೇವೆ. ಕಳೆದ ಸಲದ್ದನ್ನು ಅಳಿಯ ಮೂಸಿ, ಬಾಯಲ್ಲಿ ಆಡಿಸಿ, ನಾಸಿಕದ್ದೇ ಎಂದು ಖಡಾಖಂಡಿತ ಹೇಳಿದ. ಅತ್ತಿಗೆ ಮಾತಾಡದೆ ಲೋಟ ಮುಂದೆ ಹಿಡಿದಳು.